ನಾಲ್ಕನೆಯ ಕಾಲು

“ತ್ರಿವೇಣಿ, ಬಾರೇ ಬೇಗ! ಹೆಲ್ಪರ್ ಭೀಮರಾಜ್ ಇವತ್ತೂ ಕೈ ಕೊಟ್ಟ.” ಹಿತ್ತಲಿನಿಂದ ಗಂಡ ಕೂಗಿದ.

ಕಾವಲಿಯ ಮೇಲಿನ ದೋಸೆಗೆ ಇನ್ನೂ ತೂತು ಬಿದ್ದಿರಲಿಲ್ಲ. ತ್ರಿವೇಣಿ ಒಲೆ ಸಣ್ಣಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮರಗೆಲಸದ ಶೆಡ್ಡಿಗೆ ನಡೆದಳು. ನಿಧಾನವಾಗಿಯೇ ನಡೆದಳು. ಭಾರ ಹೊರಬೇಡಿ ಎಂದು ಕೋಲಾರದ ಡಾಕ್ಟರು ಹೇಳಿದ್ದರು. ಭಾರವೆಲ್ಲ ಇಳಿದ ಮೇಲೆ ಹೇಳಿದ್ದರು.

ಮಗು ಉಳಿಯಲಿಲ್ಲ. ಹೊಟ್ಟೆ ಕ್ಲೀನ್ ಮಾಡಿಸಿಕೊಂಡು ಮಾಲೂರಿಗೆ ವಾಪಸಾಗಿ ವಾರ ಕಳೆದಿತ್ತು. ಮಗಳು ಚಂದನಳಿಗೆ ಯಾರೂ ಹೇಳಿರಲಿಲ್ಲ. “ಮಕ್ಳು, ತಾವಾಗೇ ಮರೀತಾವೆ” ಎಂದಿದ್ದರು ಅತ್ತೆ ಮುನಿಯಲ್ಲಮ್ಮ. “ಆಮೇಲೆ ಹೇಳಿದ್ರಾಯ್ತು” ಎಂದಿದ್ದ ಗಂಡ ಮುರಳಿಮೋಹನ್.

ಮೊದಲೆಲ್ಲ ಶಾಲೆಗೆ ಹೊರಡುವಾಗ ಹೊಟ್ಟೆಗೆ ಬಾಯಿಟ್ಟು ‘ಪಾಪು, ಬರ್ತೀನಿ’ ಎನ್ನುತ್ತಿದ್ದ ಹುಡುಗಿ ಈಗ ಅದನ್ನು ಬಿಟ್ಟಿದ್ದಳು. ಕೇಳಿದ್ದರೆ ಹೇಳಿಬಿಡಬಹುದಿತ್ತು. ಕೇಳದಿರಲಿ ಎಂದೇ ತ್ರಿವೇಣಿ ದಿನವಿಡೀ ಅವಳ ಕೈಗೆ ಏನಾದರೊಂದು ತಿನ್ನಲು ಕೊಡುತ್ತಿದ್ದಳು.

ಶೆಡ್ಡಿನಲ್ಲಿ ಬೆಂಗಳೂರಿನ ಗಿರಾಕಿಯ ಊಟದ ಮೇಜಿನ ಮೂರು ಕಾಲುಗಳು ಗೋಡೆಗೆ ಒರಗಿದ್ದವು. ಓಕ್ ಮರ. ಒಂದೇ ತುಂಡಿನಲ್ಲಿ ಕಾಲು ಮಾಡಿದರೆ ಹೊಳೆಯುವ ಗೆರೆ ಎರಡೇ ಮುಖಕ್ಕೆ ಬರುತ್ತದೆ. ಗಿರಾಕಿಗೆ ನಾಲ್ಕೂ ಮುಖಕ್ಕೆ ಬೇಕು. ಅದಕ್ಕೇ ನಾಲ್ಕು ಪಟ್ಟಿ ಸೀಳಿ, ಅಂಚುಗಳನ್ನು ಓರೆಯಾಗಿ ಕತ್ತರಿಸಿ, ಡಬ್ಬಿಯ ಹಾಗೆ ಮಡಿಚಿ ಅಂಟಿಸುವುದು. ಮೂಲೆಯಲ್ಲಿ ಸಂದು ಕಾಣಬಾರದು. ನೋಡಿದವರು ಗಟ್ಟಿ ಮರವೆಂದೇ ತಿಳಿಯಬೇಕು.

“ಒಳಗೆ?” ಎಂದು ಮೊದಲ ಕಾಲು ಮಾಡಿದಾಗ ಅವಳು ಕೇಳಿದ್ದಳು.

“ಒಳಗೆ ಯಾರೇ ನೋಡ್ತಾರೆ?”

ಈಗ ಮುರಳಿಮೋಹನ್ ನಾಲ್ಕು ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ, ಹೊರಮೈಗೆ ಟೇಪು ಎಳೆದು, ಮಗುಚಿ ಹಾಕಿದ್ದ. ಓರೆ ಅಂಚುಗಳ ನಡುವೆ ಸಂದುಗಳು ಬಾಯ್ತೆರೆದು ಮಲಗಿದ್ದವು.

“ಅಂಟು ಬಿದ್ಮೇಲೆ ಮಾತಿಲ್ಲ. ಈ ಬಿಸಿಲಿಗೆ ಬೇಗ ಹಿಡಿಯುತ್ತೆ.”

“ಗೊತ್ತು.” ಅವಳದು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಯಾಕೆ ಹಿಡಿಯುತ್ತದೆಂಬುದೂ ಗೊತ್ತಿತ್ತು.

“ನೋವಿದೆಯಾ?”

“ಬ್ರಶ್ ಕೊಡಿ.”

ಬಾಗಿಲಲ್ಲಿ ಮುನಿಯಲ್ಲಮ್ಮ ಬಂದು ನಿಂತರು. ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವರು; ಸಿಟ್ಟು ಬಂದರೆ ಮೊದಲ ಮಾತು ತೆಲುಗಿನಲ್ಲೇ. “ಏಮ್ರಾ ಮುರಳಿ, ಹಸಿ ಮೈಯೋಳು ಅವಳು. ನಿನ್ ಮೇಜೇನು ಓಡಿಹೋಗುತ್ತಾ?”

“ಮೂರು ಕಾಲಲ್ಲಿ ಎಲ್ಲಿಗೆ ಓಡುತ್ತಮ್ಮ?”

ನಗಬೇಕಾದ ಮಾತು. ಯಾರೂ ನಗಲಿಲ್ಲ. ಅಜ್ಜಿಯ ಹಿಂದಿನಿಂದ ಯೂನಿಫಾರ್ಮಿನಲ್ಲಿದ್ದ ಚಂದನ ಒಳಗೆ ಬಂದು, ಬೆಂಚಿಗೆ ಗಲ್ಲ ಊರಿ ನಿಂತಳು. ಬಲಗೈ ಮುಷ್ಟಿ ಬಿಗಿದಿತ್ತು.

ಅದರಲ್ಲಿ ಏನಿದೆಯೆಂದು ತ್ರಿವೇಣಿಗೆ ನೋಡದೆಯೂ ತಿಳಿಯಿತು. ಹೋದ ತಿಂಗಳು ಸಂತೆಯಲ್ಲಿ ಹಟ ಹಿಡಿದು ಪಾಪುವಿಗೆಂದು ಕೊಂಡ ಎರಡು ಪುಟ್ಟ ಕರಿಬಳೆ. ಅಂದು ಮುನಿಯಲ್ಲಮ್ಮ ಹೌಹಾರಿದ್ದರು: “ಹುಟ್ಟೋಕ್ ಮುಂಚೆ ಯಾರಾದ್ರೂ ತರ್ತಾರೇನೇ? ಕೂಸು ನಿಲ್ಲಲ್ಲ! ಬಿಸಾಕು ಆಚೆ.” ತ್ರಿವೇಣಿ ನಕ್ಕಿದ್ದಳು. ಇಟ್ಕೋ ಪುಟ್ಟ, ಅದೆಲ್ಲ ಸುಳ್ಳು ಎಂದಿದ್ದಳು. ಆಸ್ಪತ್ರೆಯ ಮಂಚದ ಮೇಲೆ, ಒಂದೇ ಒಂದು ಕ್ಷಣ, ಅವಳಿಗೂ ಆ ಬಳೆಗಳ ನೆನಪಾಗಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಂಟು ಬಿತ್ತು. ಅವಳು ಸಂದುಗಳಿಗೆ ಬ್ರಶ್ ಆಡಿಸಿದಳು. ಅವನು ಎರಡು ತುದಿಗೂ ಒಂದೊಂದು ಮರದ ಬಿರಡೆ ಕೂರಿಸಿದ. ಪಟ್ಟಿಗಳು ಒಂದೊಂದಾಗಿ ಮೇಲೆದ್ದವು. ಮೂರು ಗೋಡೆ ನಿಂತವು. ನಾಲ್ಕನೆಯದು ಅವಳ ಕೈಯಲ್ಲಿತ್ತು. ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿ ತರಲು ಅವನು ಅತ್ತ ತಿರುಗಿದ.

ಪುಟ್ಟ ಕೈಯೊಂದು ಬಂದು, ತೆರೆದು, ಹಿಂದೆ ಸರಿಯಿತು.

ತಡೆಯಬೇಕೆಂದು ತ್ರಿವೇಣಿ ಬಾಯಿ ತೆರೆದಳು. ತೆರೆದರೆ ಬೇರೆ ಮಾತೂ ಹೊರಗೆ ಬಂದೀತೆಂದು ಮುಚ್ಚಿಕೊಂಡಳು. ನಾಲ್ಕನೆಯ ಪಟ್ಟಿಯನ್ನು ಮಡಿಚಿ ಒತ್ತಿದಳು. ಅಂಟು ಅಂಚಿನಲ್ಲಿ ಸಣ್ಣ ಹನಿಗಳಾಗಿ ಉಕ್ಕಿತು. ಒದ್ದೆ ಬಟ್ಟೆಯಿಂದ ಒರೆಸಿದಳು.

ಮುರಳಿಮೋಹನ್ ತುದಿಯಿಂದ ತುದಿಗೆ ಟ್ಯೂಬು ಸುತ್ತಿ, ಎಳೆದು, ಗಂಟು ಹಾಕಿದ. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲವಾಯಿತು. “ನೋಡೇ, ಕೂದಲೆಳೆ ಹೋಗೋ ಸಂದಿಲ್ಲ.”

ಗೋಡೆಗೆ ಒರಗಿಸಲು ಎತ್ತಿದ.

ಗಲ್.

ಅವನು ನಿಂತ. ಕಾಲನ್ನು ಆ ಕಡೆ ವಾಲಿಸಿದ. ಒಳಗೇನೋ ಉದ್ದಕ್ಕೂ ಉರುಳಿಕೊಂಡು ಹೋಗಿ ಬಿರಡೆಗೆ ಬಡಿಯಿತು.

“ಏನಿದು? ಯಾರು ಹಾಕಿದ್ದು? ಹಿಡೀ ಈ ತುದೀನ.” ತ್ರಿವೇಣಿ ಹಿಡಿದಳು. ಅವನು ಮೂಲೆಗೆ ಉಗುರು ಹಾಕಿ ಕೆರೆದ. “ಹಿಡ್ಕೊಂಡ್‌ಬಿಟ್ಟಿದೆ. ಇನ್ನು ತೆಗೀಬೇಕಂದ್ರೆ ಸೀಳ್ಬೇಕು.”

ಮುನಿಯಲ್ಲಮ್ಮ ಮೊಮ್ಮಗಳನ್ನು ನೋಡಿದರು. ಅಂದು ಸಂತೆಯಿಂದ ಬಂದಾಗ ನೋಡಿದ ಹಾಗೆಯೇ ನೋಡಿದರು. ಚಂದನ ಬರಿಗೈಯನ್ನು ಲಂಗಕ್ಕೆ ಉಜ್ಜಿಕೊಂಡಳು. ಅಂಗೈಯಲ್ಲಿ ಬಳೆಯ ದುಂಡನೆ ಗುರುತು ಕೆಂಪಗೆ ಮೂಡಿತ್ತು.

ಒಳಗಿನಿಂದ ದೋಸೆ ಸೀದ ವಾಸನೆ ಬಂತು. ಒಲೆ ಸಣ್ಣಗೆ ಮಾಡಿದ್ದೆನಲ್ಲ ಎಂದುಕೊಂಡಳು ತ್ರಿವೇಣಿ. ಎಷ್ಟು ಅದುಮಿ ಹಿಡಿದರೂ ಕಾಲು ಅವಳ ಕೈಯಲ್ಲಿ ಸಣ್ಣಗೆ ಗಲಗಲ ಎನ್ನುತ್ತಲೇ ಇತ್ತು.

“ಅಮ್ಮಾ,” ಎಂದಳು ಚಂದನ, “ನಾನು ಬಳೆ ತಂದಿದ್ದಕ್ಕೇನಾ ಪಾಪು ಹೋಗಿದ್ದು?”