ನಾಯಿಗೆ ಹಾಸಿದ ಅಂಗಿ

ಈ ಹೊಲಿಗೆ ತನ್ನ ಕೈಯದೇ ಇರಬಹುದೇ? ಇರಲಾರದು. ಗುಂಡಿಯ ಬುಡಕ್ಕೆ ಹೀಗೆ ದಾರ ಸುತ್ತಿ, ಗಂಟನ್ನು ಪಟ್ಟಿಯೊಳಗೆ ಅಡಗಿಸುವವರು ಲೋಕದಲ್ಲಿ ಬೇರೆ ಯಾರೂ ಇಲ್ಲವೇ?

ದರ್ಜಿ ಮಂಡಿಯೂರಿ ಕುಳಿತು, ಮಲಗಿದ್ದ ನಾಯಿಯ ಹೊಟ್ಟೆಯಡಿಯಿಂದ ಅಂಗಿಯ ಅಂಚನ್ನು ಮೆಲ್ಲಗೆ ಎಳೆದ. ನಾಯಿ ಒಂದು ಕಣ್ಣು ತೆರೆದು, ಮನೆಯ ಆಳನ್ನು ನೋಡುವಂತೆ ಅವನನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

ಅದು ಅಣ್ಣನ ನಾಯಿ. ಮಗಳ ಮನೆಗೆ ಹೊರಟ ಅಣ್ಣ ಅತ್ತಿಗೆ ಅದನ್ನು ಇಲ್ಲಿ ಬಿಟ್ಟುಹೋಗಿದ್ದರು. "ಈ ಹಳೇ ಅಂಗಿ ಹಾಸಿಬಿಡು. ನನ್ನ ವಾಸನೆ ಇದ್ರೆ ಅಳಲ್ಲ" ಎಂದಿದ್ದ ಅಣ್ಣ. ಅದರ ನಿಜವಾದ ಹೆಸರು ಏನೇ ಇರಲಿ, ಅದು ಬಂದ ದಿನವೇ ಅಮ್ಮ ದೊರೆ ಎಂದು ಕರೆದಳು. ಅಂಗಿಯನ್ನು ತನ್ನ ಮಂಚದ ಪಕ್ಕದಲ್ಲೇ ಹಾಸಿಸಿದಳು. ದರ್ಜಿಯ ಸ್ವಂತ ನಾಯಿ ಕರಿಯ, ಮರಿಯಾಗಿದ್ದಾಗಿನಿಂದಲೂ ಆ ಕೋಣೆಯ ಹೊಸ್ತಿಲು ದಾಟಿದ್ದಿಲ್ಲ. ದಾಟಿದರೆ ಪೊರಕೆ ಬರುತ್ತಿತ್ತು.

"ದೊರೆ, ನಿಮ್ಮಪ್ಪ ಹೊತ್ತಿಗೆ ಸರಿಯಾಗಿ ಉಣ್ತಾನೇನೋ? ಸೊರಗಿದ್ದಾನಾ?" ಅಮ್ಮ ಅದರ ಕಿವಿ ಸವರುತ್ತಾ ಕೇಳಿದಳು.

"ಅದು ನಾಯಿ ಕಣಮ್ಮ. ಕೇಳೋದಿದ್ರೆ ಅಣ್ಣಂಗೆ ಫೋನ್ ಮಾಡು."

"ನಿಂಗ್ಯಾಕೋ ಹೊಟ್ಟೆಯುರಿ?"

"ನಂಗಲ್ಲ, ಕರಿಯಂಗೆ. ಪಾಪ, ಬಟ್ಟಲು ಮುಟ್ಟಿಲ್ಲ."

ಅಷ್ಟರಲ್ಲಿ ಕರಿಯ ತನ್ನ ಬಟ್ಟಲು ನೆಕ್ಕಿ ಮುಗಿಸಿ, ದೊರೆಯ ಬಟ್ಟಲಿಗೂ ಮೂತಿ ಇಟ್ಟಿತ್ತು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ದರ್ಜಿಗೆ ಆ ಹೊತ್ತಿನಲ್ಲಿ ತನ್ನ ನಾಯಿಯ ಮೇಲೂ ಸಿಟ್ಟು ಬಂತು. ಮೊದಲೆರಡು ದಿನ ಗುರುಗುಟ್ಟಿದ್ದ ಪ್ರಾಣಿ, ಈಗ ಅತಿಥಿಯ ಬೆನ್ನಿಗೆ ಬೆನ್ನು ಕೊಟ್ಟು ಬಿಸಿಲು ಕಾಯುತ್ತದೆ! ಇಷ್ಟು ಬೇಗ ಮರೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಅಂಗಿ ತನ್ನ ಕೈಯದೇ. ಹೊಲಿಗೆ ಕಲಿತ ಹೊಸದರಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಹೊಲಿದದ್ದು. ಅಣ್ಣ ಕೆಲಸಕ್ಕೆಂದು ಊರು ಬಿಟ್ಟಾಗ, ಅವನು ಅಂಗಡಿಯಿಂದ ತಂದ ಬಟ್ಟೆಗಳ ನಡುವೆ ದರ್ಜಿ ಅದನ್ನು ಮಡಿಸಿಟ್ಟು ಸುಮ್ಮನಾಗಿದ್ದ. ಹಾಕಿಕೊಂಡ ಮೇಲೆ ಅಣ್ಣನೇ ಕೇಳುತ್ತಾನೆ, ಆಗ ಹೇಳಿದರಾಯಿತು ಅಂದುಕೊಂಡಿದ್ದ. ಅಣ್ಣ ಕೇಳಲಿಲ್ಲ.

ಮರುದಿನ ಅಮ್ಮ ಅಂಗಿಯ ಕೂದಲು ಕೊಡವುತ್ತಾ, ಹೊಲಿಗೆ ಯಂತ್ರದ ಮುಂದಿದ್ದ ಅವನ ಬಳಿ ಬಂದಳು. "ಇಲ್ನೋಡು, ಬಟ್ಟೆ ಸವೆದ್ರೂ ಒಂದು ಹೊಲಿಗೆ ಬಿಟ್ಟಿಲ್ಲ. ದೊಡ್ಡೋನು ಮೊದ್ಲಿಂದ್ಲೂ ಹಾಗೇ, ಒಳ್ಳೇ ಅಂಗಡಿಗೇ ಹೋಗ್ತಾನೆ. ಇಂಥೋರ ಕೆಲಸ ನೋಡಿ ನೀನೂ ಒಂಚೂರು ಕಲ್ತ್ಕೋ."

ದಾರ ಸೂಜಿಯ ಕಣ್ಣು ತಪ್ಪಿತು. ಅವನು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಮತ್ತೆ ಪೋಣಿಸತೊಡಗಿದ.

ಅಣ್ಣ ವಾಪಸು ಬಂದಾಗ ದೊರೆ ಅವನ ಮೈಮೇಲೆ ಹಾರಿ ಮುಖವೆಲ್ಲ ನೆಕ್ಕಿತು. ಸಾಲದ್ದಕ್ಕೆ ಕರಿಯನೂ ಬಾಲವಾಡಿಸುತ್ತಾ ಓಡಿತು. ಅಮ್ಮ ಅಂಗಿಯನ್ನು ಒಗೆದು ಒಣಗಿಸಿ ದಿಂಬಿನಡಿ ಇಟ್ಟುಕೊಂಡಿದ್ದಳು.

"ಇದನ್ನ ಕೊಡಲ್ಲಪ್ಪ. ನನ್ನ ಹತ್ರಾನೇ ಇರ್ಲಿ."

"ಇಟ್ಕೋ ಬಿಡಮ್ಮ. ಹರಿಯೋ ತನಕ ಹಾಕಿದೀನಿ." ಅಣ್ಣ ಅಂಗಿಯ ಸವೆದ ಕಾಲರನ್ನು ಬೆರಳಿನಿಂದ ಸವರಿ, ತಮ್ಮನತ್ತ ತಿರುಗಿದ. "ಎಲ್ಲಿ ತಗೊಂಡಿದ್ನೋ ನೆನಪಿಲ್ಲ. ಇಷ್ಟು ಚೆನ್ನಾಗಿ ಕೂತಿದ್ದು ಮತ್ತೊಂದು ಸಿಗ್ಲೇ ಇಲ್ಲ ಕಣೋ. ನೋಡು, ಇಂಥದ್ದು ನಿನ್ ಕೈಲಾಗುತ್ತಾ?"

ಅಮ್ಮನೂ ಅವನ ಕಡೆ ನೋಡಿದಳು. ಎರಡು ನಾಯಿಗಳೂ ನೋಡಿದವು.

ದರ್ಜಿ ಅಂಗಿಯನ್ನು ಕೈಗೆ ತೆಗೆದುಕೊಂಡು, ಹೊಸದಾಗಿ ನೋಡುವವನಂತೆ ಒಳಮಗ್ಗುಲು ತಿರುಗಿಸಿದ. ಗಂಟುಗಳೆಲ್ಲ ಇದ್ದಲ್ಲೇ ಇದ್ದವು.

"ನೋಡೋಣ" ಎಂದು ಹಿಂದಿರುಗಿಸಿದ.

ಅದನ್ನು ಹೊಲಿದವನು ತಾನೇ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.