ಒಂದು ಬದಿ ಖಾಲಿ ಇದ್ದ ಕಾಗದ

ಶಾಲೆಯ ಜೆರಾಕ್ಸ್ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಯಂತ್ರದ ಬಿಸಿಗಾಳಿ ಕುಡಿದು ಕೆಮ್ಮು ಹತ್ತಿದೆ, ಹೋಗಲಿ ಬಿಡಿ. ನನಗೆ ಹೇಸಿಗೆ ಹುಟ್ಟಿಸುವುದು ಗೋಡೆಗೆ ಅಂಟಿಸಿರುವ ನೋಟಿಸು: 'ಪ್ರಕಾಶಕರ ಲಿಖಿತ ಅನುಮತಿಯಿಲ್ಲದೆ ಪಠ್ಯಪುಸ್ತಕದ ಒಂದು ಪುಟವನ್ನೂ ನಕಲು ಮಾಡಬಾರದು.' ಕೆಳಗೆ ಹೆಡ್ಮಾಸ್ಟರ ಸಹಿ. ಅದೇ ಮಹಾನುಭಾವರು ಭಾಮೈದನ ಟ್ಯೂಷನ್ನಿಗೆಂದು ಇಡೀ ಪುಸ್ತಕಗಳನ್ನೇ ನನ್ನ ಕೈಲಿ ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದರು. "ಇದು ಆಫೀಸಿನ ಕೆಲಸಮ್ಮ" ಅನ್ನುವರು. ನಾನೂ ಬಾಯಿಗೆ ಬೀಗ ಹಾಕಿಕೊಂಡು ಮಾಡಿಕೊಟ್ಟೆ, ಥೂ!

ಎಂಟನೇ ತರಗತಿಯಲ್ಲಿ ದರ್ಜಿಯಮ್ಮನ ಮಗಳೊಬ್ಬಳಿದ್ದಾಳೆ. ಕಣ್ಣು ತೀರಾ ಮಂದ. ಪುಸ್ತಕವನ್ನು ಮೂಗಿಗೆ ಒತ್ತಿಕೊಂಡರೂ ಸಣ್ಣಕ್ಷರ ಅವಳಿಗೆ ಬರೀ ಇರುವೆ ಸಾಲು. ಎರಡು ಪಟ್ಟು ದೊಡ್ಡದು ಮಾಡಿಕೊಟ್ಟರೆ ಪಟಪಟ ಓದುತ್ತಾಳೆ. ಈ ಸಲ ವಿಜ್ಞಾನದಲ್ಲಿ ಫೇಲಾದರೆ ಟಿ.ಸಿ. ಕೊಟ್ಟು ಕಳಿಸುತ್ತೇವೆ ಎಂದು ಹೆಡ್ಮಾಸ್ಟರು ದರ್ಜಿಯಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದರು.

ಪಾಪ, ಆಕೆ ಪುಸ್ತಕ ಹಿಡಿದು ನನ್ನ ಬಾಗಿಲಿಗೆ ಮೂರು ಸಲ ಬಂದಳು. ಆಫೀಸಿನ ಗುಮಾಸ್ತ ಹೇಳಿಕೊಟ್ಟದ್ದನ್ನೇ ನಾನು ಗಿಣಿಯ ಹಾಗೆ ಒಪ್ಪಿಸಿದೆ.

"ಪ್ರಕಾಶಕರಿಗೆ ಬರೆದಿದ್ದಾರಂತಮ್ಮ. ಇನ್ನೂ ಉತ್ತರ ಬಂದಿಲ್ವಂತೆ."

ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಬಂದರು.

"ಪುಸ್ತಕ ಬೇಡ ಬಿಡಕ್ಕ. ಹಳೇ ಟೆಸ್ಟ್ ಪೇಪರನ್ನಾದ್ರೂ ದೊಡ್ಡದು ಮಾಡಿಕೊಡು. ಅದು ಶಾಲೆಯದ್ದೇ ತಾನೆ? ಅದಕ್ಕೂ ಯಾರನ್ನಾದ್ರೂ ಕೇಳ್ಬೇಕಾ?" ಅಂದಳು ದರ್ಜಿಯಮ್ಮ.

ಹುಡುಗಿ ಚೀಲದಿಂದ ನಾಲ್ಕು ಹಾಳೆ ತೆಗೆದಳು. ನಮ್ಮಲ್ಲಿ ಟೆಸ್ಟಿಗೆ ಹೊಸ ಕಾಗದ ಹಾಕುವುದಿಲ್ಲ. ಆಫೀಸಿಗೆ ಬಂದ ಹಳೆಯ ಪತ್ರಗಳನ್ನು ಗುಮಾಸ್ತ ಕಂತೆಗಟ್ಟಲೆ ತಂದು ಸುರಿಯುತ್ತಾನೆ, ನಾನು ಅವುಗಳ ಖಾಲಿ ಬದಿಯ ಮೇಲೆ ಪ್ರಶ್ನೆಪತ್ರಿಕೆ ತೆಗೆಯುತ್ತೇನೆ. ಯಾರ ಪತ್ರ, ಏನು ಕಥೆ ಎಂದು ಯಾವತ್ತೂ ನೋಡಿದವಳಲ್ಲ.

ಅವಸರದಲ್ಲಿ ಮೂರನೇ ಹಾಳೆಯನ್ನು ಹಿಂದುಮುಂದಾಗಿ ಗಾಜಿನ ಮೇಲಿಟ್ಟೆ. ಹೊರಗೆ ಬಿದ್ದ ದೊಡ್ಡಕ್ಷರದ ಪ್ರತಿಯನ್ನು ಹುಡುಗಿ ಎತ್ತಿಕೊಂಡು ಓದತೊಡಗಿದಳು.

"'ದೃಷ್ಟಿ ಮಂದವಿರುವ ನಿಮ್ಮ ವಿದ್ಯಾರ್ಥಿನಿಗಾಗಿ ನಮ್ಮ ವಿಜ್ಞಾನ ಪುಸ್ತಕವನ್ನು ಪೂರ್ತಿಯಾಗಿ ದೊಡ್ಡ ಅಕ್ಷರದಲ್ಲಿ ನಕಲು ಮಾಡಿಕೊಳ್ಳಲು ಸಂತೋಷದಿಂದ ಅನುಮತಿ ನೀಡಿದ್ದೇವೆ...' ಅಕ್ಕ, ಇಲ್ಲಿ ನನ್ನ ಹೆಸರಿದೆ!"

ತಾರೀಕು ನೋಡಿದೆ. ಮೂರು ತಿಂಗಳ ಹಿಂದಿನದು. ಆ ಕಾಗದವನ್ನು ಯಂತ್ರಕ್ಕೆ ತುಂಬಿದವಳು ನಾನೇ. ಮೈಯೆಲ್ಲ ಉರಿದುಹೋಯಿತು. ಹಾಳೆ ಹಿಡಿದು ಹೆಡ್ಮಾಸ್ಟರ ಕೋಣೆಗೆ ನುಗ್ಗಿದೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಗುಮಾಸ್ತನ ಕಣ್ತಪ್ಪು. ಈಗ ಸಿಕ್ತಲ್ಲ? ಒಂದು ಪ್ರತಿ ತೆಗೆದು ಫೈಲಿಗೆ ಹಾಕಿ. ನಾಳೆ ಯಾರಾದ್ರೂ ಕೇಳಿದ್ರೆ ನಮ್ಮ ಹತ್ರ ಇರ್ಬೇಕು."

"ಸರ್, ನಾಳೆ ಬೆಳಿಗ್ಗೆ ಆ ಮಗೂಗೆ ಪರೀಕ್ಷೆ."

"ಅದಕ್ಕೆ ನಾನೇನಮ್ಮ ಮಾಡ್ಲಿ? ಓದೋ ಮಕ್ಕಳು ಹೇಗಿದ್ರೂ ಓದ್ತಾರೆ." ಹಾಗಂದು ಭಾಮೈದನ ಹೊಸ ಪುಸ್ತಕವೊಂದನ್ನು ನನ್ನ ಕಡೆ ತಳ್ಳಿದರು. "ಹೋಗ್ತಾ ಇದನ್ನೂ ತಗೊಂಡು ಹೋಗಿ. ನಲವತ್ತು ಸೆಟ್."

ಹೇಸಿಗೆಯಾಯಿತು. ಅವರ ಮುಖ ಕಂಡು ಆದದ್ದು ಅರ್ಧ, ಹನ್ನೊಂದು ವರ್ಷ ತಲೆಯಾಡಿಸಿದ ನನ್ನನ್ನು ನೆನೆದು ಇನ್ನರ್ಧ. ಆ ಪುಸ್ತಕವನ್ನು ಮುಟ್ಟದೆ ಹೊರಗೆ ಬಂದೆ.

ಕೋಣೆಗೆ ಬಂದವಳೇ ಹುಡುಗಿಯ ವಿಜ್ಞಾನದ ಪುಸ್ತಕ ಬಿಡಿಸಿ ಗಾಜಿಗೆ ಒತ್ತಿದೆ. ನೂರ ತೊಂಬತ್ತು ಪುಟ. ಸಂಜೆಯೊಳಗೆ ಎಷ್ಟಾಗುತ್ತದೋ ಅಷ್ಟು.

"ಯಾವ ಪಾಠ ಮೊದಲು ಮಾಡ್ಲಿ ಪುಟ್ಟಿ? ನಿಂಗೆ ಕಷ್ಟ ಅನ್ಸಿದ್ದು ಹೇಳು."

ಅವಳು ನನ್ನ ದನಿ ಬಂದ ಕಡೆಗೆ ಮುಖ ಎತ್ತಿದಳು.

"ಯಾವುದು ಕಷ್ಟ ಅಂತ ನಂಗೆ ಹೇಗೆ ಗೊತ್ತಾಗುತ್ತೆ ಅಕ್ಕ? ನಾನಿನ್ನೂ ಒಂದನ್ನೂ ಓದೇ ಇಲ್ಲ."