ಫ್ಲೆಕ್ಸೂ ಪಟ್ಟಿಯಲ್ಲಿದೆ

"ಗಾಡೀನ ಆ ಕಡೆ ನಿಲ್ಸೇ, ಗಬ್ಬು ನಾತ ಹೊಡೀತದೆ. ಸಾಹೇಬ್ರು ಬರೋ ಹೊತ್ತಾಯ್ತು," ಎಂದ ಪರಮಶಿವಯ್ಯ, ಮೂಗಿಗೆ ಕರ್ಚೀಫು ಒತ್ತಿಕೊಂಡು.

ನಾರುತ್ತಿದ್ದದ್ದು ಬೆಳಿಗ್ಗೆ ಅವನ ಮನೆ ಗೇಟಿನಿಂದಲೇ ಎತ್ತಿಕೊಂಡ ಕಸ. ಮಂಜುಶ್ರೀ ಪಂಚಾಯ್ತಿಯ ಕಸದ ಗಾಡಿಯನ್ನು ಶಾಲೆಯ ಕಾಂಪೌಂಡಿನ ಮೂಲೆಗೆ ಒಂದೇ ಏಟಿಗೆ ರಿವರ್ಸ್ ತೆಗೆದು ನಿಲ್ಲಿಸಿದಳು. ತುಮಕೂರಿನಲ್ಲಿ ತಿಂಗಳು ಪೂರ್ತಿ ಡ್ರೈವಿಂಗ್ ಕಲಿಸಿದಾಗ ಇಪ್ಪತ್ತು ಹೆಂಗಸರಲ್ಲಿ ರಿವರ್ಸಿನಲ್ಲಿ ಮೊದಲು ಬಂದವಳು ಅವಳು. ಚೇಳೂರು ಹೋಬಳಿಯ ಆ ಊರಿನ ಕೇರಿಯಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಣ್ಣೂ ಅವಳೇ.

ಅವತ್ತು ಸರ್ಕಾರಿ ಶಾಲೆಯಲ್ಲಿ ಪ್ಲಾಸ್ಟಿಕ್ ಜಾಗೃತಿ ದಿನ. ಗುಬ್ಬಿಯಿಂದ ಸಾಹೇಬರೊಬ್ಬರು ಬರುವವರಿದ್ದರು. ಪಂಚಾಯ್ತಿಗೆ ಅಧ್ಯಕ್ಷೆ ಗಂಗಾಂಬಿಕೆ. ಆದರೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವನು, ಭಾಷಣ ಬಿಗಿಯುವವನು, ಬೈಯುವವನು ಆಕೆಯ ಗಂಡ ಪರಮಶಿವಯ್ಯ. ಆಕೆಯ ಪಾಲಿಗೆ ಉಳಿದಿದ್ದು ಸೈನು ಒಂದೇ, ಅದೂ ಅವನು ಬೆರಳಿಟ್ಟ ಜಾಗದಲ್ಲಿ. ಶಾಲೆಯ ಗೇಟಿಗೆ ಬಿಗಿದಿದ್ದ ಹನ್ನೆರಡು ಅಡಿ ಫ್ಲೆಕ್ಸಿನ ತುಂಬಾ ಅವನದೇ ಮುಖ. ಕೆಳಗೆ, 'ಪ್ಲಾಸ್ಟಿಕ್ ಮುಕ್ತ ಗ್ರಾಮದ ಹರಿಕಾರರಿಗೆ ಹುಟ್ಟುಹಬ್ಬದ ಶುಭಾಶಯಗಳು.'

ಅನುಪಮಾ ಮೇಡಂ ಮಕ್ಕಳನ್ನು ಸಾಲಾಗಿ ಕೂರಿಸಿ, ಸರ್ಕಾರ ನಿಷೇಧಿಸಿದ ವಸ್ತುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು.

"ಕ್ಯಾರಿಬ್ಯಾಗು."

"ಕ್ಯಾರಿಬ್ಯಾಗು," ಎಂದವು ಮಕ್ಕಳು.

"ತಟ್ಟೆ, ಲೋಟ, ಚಮಚ."

"ತಟ್ಟೆ, ಲೋಟ, ಚಮಚ."

"ಫ್ಲೆಕ್ಸು."

"ಫ್ಲೆಕ್ಸು," ಎಂದು ಮಕ್ಕಳು ಗಂಟಲು ಹರಿಯುವಂತೆ ಕೂಗಿದವು. ಪರಮಶಿವಯ್ಯ ಮೆಚ್ಚಿ ತಲೆದೂಗಿದ.

ಆಮೇಲೆ ಅವನ ಭಾಷಣ. ಪ್ಲಾಸ್ಟಿಕ್ ಮಣ್ಣಲ್ಲಿ ಕರಗುವುದಿಲ್ಲ, ಹಸು ತಿಂದರೆ ಹೊಟ್ಟೆಯಲ್ಲೇ ಗಂಟಾಗುತ್ತದೆ ಎಂದ. ಗಂಟಲು ಒಣಗಿದಾಗ ಬಾಟಲು ನೀರು ಕುಡಿದು, ಖಾಲಿ ಬಾಟಲನ್ನು ವೇದಿಕೆಯ ಹಿಂದಕ್ಕೆ ಎಸೆದ. ಊರೆಲ್ಲ ಆಯ್ದು ಯಾವ ಗುಂಪು ಹೆಚ್ಚು ತೂಕದ ಪ್ಲಾಸ್ಟಿಕ್ ತರುತ್ತದೋ ಆ ಗುಂಪಿಗೆ ಸಾಹೇಬರ ಕೈಯಿಂದ ಕೇರಂ ಬೋರ್ಡು ಎಂದು ಸಾರಿದ.

"ಗುಂಪು ನಾನೇ ಮಾಡ್ತೀನಿ ಬುಡಿ ಮೇಡಂ. ಇವು ರೋಡು. ಇವು ಅಂಗಡಿ ಬೀದಿ. ಏಯ್, ಕೇರಿ ಐಕ್ಳಾ, ನೀವು ಚರಂಡಿಗಿಳೀರಿ."

"ಸಾರ್, ಚಿಕ್ಕ ಮಕ್ಕಳು..."

"ಅವುಕ್ಕೆ ಅಭ್ಯಾಸ ಐತೆ ಕಣಮ್ಮ. ಅಲ್ನೋಡಿ, ಇವಳಪ್ಪ ಕಾಳಯ್ಯ ನಮ್ಮನೆ ಸತ್ತ ದನ ಎತ್ತೀ ಎತ್ತೀನೇ ಸತ್ತ. ರಕ್ತದಲ್ಲೇ ಬಂದಿರ್ತದೆ." ಮಂಜುಶ್ರೀಯ ಕಡೆಗೆ ಗದ್ದ ಆಡಿಸಿ ನಕ್ಕು, ಸಾಹೇಬರನ್ನು ಕರೆತರಲು ಕಾರು ಹತ್ತಿ ಹೋದ.

ಕೇರಿಯ ಒಂಬತ್ತು ಮಕ್ಕಳು ಎದ್ದು ನಿಂತವು. ಅದರಲ್ಲಿ ಆರನೇ ಕ್ಲಾಸಿನ ಕಾವ್ಯ, ಮಂಜುಶ್ರೀಯ ಮಗಳು. ಯಾರೂ ಹೇಳಿಕೊಡದೆಯೇ ಯೂನಿಫಾರಂ ಲಂಗವನ್ನು ಮೊಣಕಾಲ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಪ್ಪನ ಬಗ್ಗೆ ಆಡಿದ ಮಾತಿಗೆ ಅಲ್ಲಾಡದೆ ನಿಂತಿದ್ದ ಮಂಜುಶ್ರೀ ಇದನ್ನು ನೋಡಿ ಮಗಳ ಹತ್ತಿರ ಬಂದಳು.

"ಲಂಗ ಇಳಿಸೇ."

"ಮತ್ತೆ ಚರಂಡಿ?"

"ಮೇಡಂ ಪಟ್ಟಿ ಹೇಳ್ಕೊಟ್ರಲ್ಲ. ಏನೇನಿತ್ತು ಹೇಳು."

ಕಾವ್ಯ ಬೆರಳು ಮಡಿಸುತ್ತಾ ಹೋದಳು. ಐದನೆಯ ಬೆರಳಿಗೆ ತಡೆದು ಗೇಟಿನ ಕಡೆ ನೋಡಿದಳು. "ಅವ್ವಾ, ಅದೂ ಪ್ಲಾಸ್ಟಿಕ್ಕೇ?"

"ಹರಿದ್ರೆ ದಾರ ಬರ್ತದೆ, ಆ ದಾರಾನೂ ಪ್ಲಾಸ್ಟಿಕ್ಕೇ. ಸುಟ್ರೆ ಅದರ ಹೊಗೆ ಊರನ್ನೇ ಕೆಮ್ಮುಸ್ತದೆ. ಹೂತ್ರೆ ನಿನ್ ಮೊಮ್ಮಕ್ಳ ಕಾಲಕ್ಕೂ ಹಿಂಗೇ ಹಲ್ ಕಿಸ್ಕೊಂಡಿರ್ತದೆ. ಅದ್ಕಿಂತ ದೊಡ್ ಪ್ಲಾಸ್ಟಿಕ್ಕು ನಮ್ಮೂರಲ್ಲಿಲ್ಲ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದರು. ಮಂಜುಶ್ರೀ ಗಾಡಿಯನ್ನು ಹಿಂದಕ್ಕೆ ಸರಿಸಿ ಸರಿಯಾಗಿ ಫ್ಲೆಕ್ಸಿನ ಕೆಳಗೆ ನಿಲ್ಲಿಸಿದಳು.

"ಮಕ್ಳು ಗಾಡಿ ಹತ್ಬಾರ್ದು ಅಂತ ರೂಲ್ಸೈತೆ. ನಾನು ಆ ಕಡೆ ತಿರುಕ್ಕೊಂಡು ಎಲೆ ಅಡ್ಕೆ ಹಾಕ್ಕೋತೀನಿ."

ಅನುಪಮಾ ಮೇಡಂ ಇದೆಲ್ಲವನ್ನೂ ಕಂಡರು. ಕಂಡು, ಏನೋ ಮರೆತವರಂತೆ ಆಫೀಸು ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಗೇಟು ಆಯಿತು. ಬಸ್ ಸ್ಟಾಪು ಆಯಿತು. ರೇಷನ್ ಅಂಗಡಿ, ನೀರಿನ ಟ್ಯಾಂಕು, ಆ ಮುಖದ ಫ್ಲೆಕ್ಸಿದ್ದ ಕಡೆಯೆಲ್ಲ. ಬಿಚ್ಚದ ಗಂಟುಗಳನ್ನು ಮಕ್ಕಳು ಹಲ್ಲಿನಿಂದ ಬಿಚ್ಚಿದರು. ಹಾಲಿನ ಡೈರಿಯ ಗಂಗರಾಜು "ಏನ್ರಲಾ ಇದು?" ಎಂದು ಗದರಿದಾಗ ಕಾವ್ಯ ಗಂಭೀರವಾಗಿ, "ಪ್ರಾಜೆಕ್ಟ್ ವರ್ಕು ಮಾವ," ಎಂದಳು. ಅವನೇ ಸ್ಟೂಲು ತಂದುಕೊಟ್ಟ. ಒಟ್ಟು ಏಳು ಫ್ಲೆಕ್ಸು. ರೇಷನ್ ಅಂಗಡಿಯ ತಕ್ಕಡಿಯಲ್ಲಿ ರೋಡಿನ ಗುಂಪಿನದು ನಾಲ್ಕು ಕೇಜಿ, ಅಂಗಡಿ ಬೀದಿಯದು ಆರು, ಕೇರಿಯ ಗುಂಪಿನದು ಹದಿನೆಂಟು.

ಸಾಹೇಬರ ಜೀಪಿನ ಮುಂದೆ ಬಂದು ಕಾರಿನಿಂದಿಳಿದ ಪರಮಶಿವಯ್ಯ ಬೋಳು ಗೇಟನ್ನು ನೋಡಿ ಕಾಲು ಕಿತ್ತಿಡಲಾರದೆ ನಿಂತ. ಸಾಹೇಬರಿಗೆ ಮಾತ್ರ ಹಿಗ್ಗು.

"ಫ್ಲೆಕ್ಸ್ ತೆಗೀರಿ ಅಂತ ನೋಟಿಸ್ ಕೊಟ್ಟೂ ಕೊಟ್ಟೂ ನಮಗೆ ಸಾಕಾಗಿತ್ತು. ನೀವು ನಿಮ್ಮದನ್ನೇ ಮಕ್ಕಳ ಕೈಲಿ ತೆಗೆಸಿದೀರಲ್ಲ, ಭೇಷ್. ಬನ್ನಿ, ಫೋಟೋ."

ನಾಲ್ಕು ಮಡಿಕೆಯಾಗಿದ್ದ ಫ್ಲೆಕ್ಸಿನಲ್ಲಿ ಅವನ ಒಂದು ಕಣ್ಣು, ಅರ್ಧ ಮೀಸೆ ಮೇಲಕ್ಕೆ ಬಂದಿದ್ದವು. ಅದರ ಪಕ್ಕದಲ್ಲೇ ಪರಮಶಿವಯ್ಯ ನಿಲ್ಲಬೇಕಾಯಿತು. ನಗಬೇಕಾಯಿತು. ಒಂಬತ್ತು ಮಕ್ಕಳು ಕೇರಂ ಬೋರ್ಡಿಗೆ ಒಂಬತ್ತು ಕಡೆಯಿಂದ ಕೈ ಹಾಕಿದ್ದವು.

ಸಾಹೇಬರ ಜೀಪು ತಿರುವು ದಾಟಿದ್ದೇ ತಡ, ಅವನು ಗಾಡಿಯ ಹತ್ತಿರ ಬಂದ.

"ಲೇ ಲೌಡಿ, ನಿಮ್ಮಪ್ಪ ನನ್ನಂಗಳದಲ್ಲಿ ತಲೆ ಎತ್ತಿರ್ಲಿಲ್ಲ. ನೀನು ನನ್ ಮುಖ ಮಡಚ್ತೀಯ? ಏಳೂ ವಾಪಸ್ ಕಟ್ಟು."

"ಗಾಡಿಗೆ ಬಿದ್ದಿದ್ದು ವಾಪಸ್ ಕೊಡೋಂಗಿಲ್ಲ ಸಾರ್. ಕೊಟ್ರೆ ನನ್ ಕೆಲ್ಸ ಹೋಯ್ತದೆ."

"ಹೋಯ್ತು ಅಂತ್ಲೇ ತಿಳ್ಕ. ಇಡು ಕೀ."

"ಅಧ್ಯಕ್ಷರ ಸೈನಿರೋ ಆರ್ಡರ್ ತನ್ನಿ, ಇಡ್ತೀನಿ."

"ನಾನೇಳ್ತಿಲ್ವೇನೇ?"

"ನೀವು ಅಧ್ಯಕ್ಷರ ಯಜಮಾನ್ರು ಸಾರ್. ಅಧ್ಯಕ್ಷರು ಮನೇಲವ್ರೆ."

ಮರುದಿನ ಆರ್ಡರ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ದಿನಾ ಬೆಳಿಗ್ಗೆ, ಇವತ್ತೇ ಕೊನೆ ಅಂದುಕೊಂಡು ಗಾಡಿ ತೆಗೆಯುತ್ತಿದ್ದಳು. ಹನ್ನೊಂದನೆಯ ದಿನ ಪರಮಶಿವಯ್ಯನ ಮನೆಯ ಗೇಟಿನ ಮುಂದೆ ನಿಲ್ಲಿಸಿದಾಗ ಒಳಗಿನ ಗಲಾಟೆ ರಸ್ತೆಗೇ ಕೇಳುತ್ತಿತ್ತು.

"ಒಂದ್ ಸೈನ್ ಹಾಕಕ್ಕೆ ಎಷ್ಟ್ ದಿನ್ವೇ ನಿಂಗೆ?"

"ಕನ್ನಡಕ ಸಿಕ್ತಿಲ್ಲ ಕಣ್ರೀ. ಓದ್ದೆ ಸೈನ್ ಹಾಕ್ಬಾರ್ದು ಅಂತ ಅಧ್ಯಕ್ಷರ ಟ್ರೇನಿಂಗಲ್ಲಿ ಹೇಳವ್ರೆ."

ಗಂಗಾಂಬಿಕೆ ಕಸದ ಬಕೆಟ್ಟು ಹಿಡಿದು ಹೊರಗೆ ಬಂದಳು. ಆಳು ಬರುತ್ತಿದ್ದ ಜಾಗಕ್ಕೆ ಆಕೆ ಬಂದದ್ದು ಇದೇ ಮೊದಲು. ಕನ್ನಡಕ ಮೂಗಿನ ಮೇಲೇ ಇತ್ತು. ಮಂಜುಶ್ರೀ ಬಕೆಟ್ಟಿಗೆ ಕೈ ಚಾಚಿದಳು.

ಗಂಗಾಂಬಿಕೆ ಬಕೆಟ್ಟು ಕೊಡದೆ ಸ್ಟಿಯರಿಂಗನ್ನೇ ನೋಡುತ್ತಾ ನಿಂತಳು.

"ಇದನ್ನ ಓಡ್ಸೋದು ಭಾಳ ಕಷ್ಟನೇನೇ?"

"ನಾಕ್ ದಿನ ಸಾಕು ಅಮ್ಮೋರೆ."

"ಯಾರೇ ಅದು, ಯಾರ ಜೊತೆ ಮಾತು?" ಒಳಗಿನಿಂದ ಪರಮಶಿವಯ್ಯ ಕೂಗಿದ.

ಮಂಜುಶ್ರೀ ಎಂಜಿನ್ ಆಫ್ ಮಾಡಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆಗೆದು, ತಾನು ಪಕ್ಕದ ಸೀಟಿಗೆ ಸರಿದು ಕೂತಳು.

"ಹತ್ತಿ. ಮೊದ್ಲು ಕ್ಲಚ್ ತುಳ್ಕೊಳ್ಳಿ."

ಗಂಗಾಂಬಿಕೆ ಬಕೆಟ್ಟನ್ನು ರಸ್ತೆಯ ನಡುವೆಯೇ ಇಟ್ಟು, ಸೀರೆಯ ನೆರಿಗೆ ಎತ್ತಿಕೊಂಡಳು.